ಲಾಭಾಂಶ ಬೇಕು, ಲೆಕ್ಕ ಬೇಡವೆ?

ಬ್ರಿಟನ್ನಿನ ದೊಡ್ಡ ಬ್ಯಾಂಕುಗಳ ವಾರ್ಷಿಕ ಮಹಾಸಭೆಗಳಲ್ಲಿ ಹಲವು ವರ್ಷಗಳಿಂದ ಒಂದು ವಿವಾದ ಬೆಳೆಯುತ್ತ ಬಂದಿದೆ. ಅದು ಷೇರುದಾರರಿಗೂ ನಿರ್ದೇಶಕ ಮಂಡಳಿಗೂ ನಡುವಣ ಜಗಳ ಮಾತ್ರವಾಗಿದ್ದರೆ ಅದರಲ್ಲಿ ಹೊಸತೇನೂ ಇರಲಿಲ್ಲ. ಐನೂರು, ಸಾವಿರ ಷೇರುಗಳನ್ನಿಟ್ಟುಕೊಂಡ ಸಣ್ಣ ಷೇರುದಾರರೇ ಎರಡು ಪಂಗಡಗಳಾಗಿದ್ದಾರೆ. ಕಲ್ಲಿದ್ದಲು, ಖನಿಜ ತೈಲಗಳ ಉದ್ಯಮಕ್ಕೆ ಬ್ಯಾಂಕು ಸಾಲ ಕೊಡುವುದನ್ನು ಕಡಿಮೆ ಮಾಡಬೇಕು, ಭೂಮಿಯ ತಾಪ ಏರುತ್ತಿರುವುದರಲ್ಲಿ ತಮ್ಮ ಹಣಕ್ಕೂ ಪಾಲಿದೆ ಎಂಬುದು ಒಂದು ಪಂಗಡದ ವಾದ. ಇದೆಲ್ಲ ರಾಜಕೀಯ, ಅದನ್ನು ಪಾರ್ಲಿಮೆಂಟಿಗೆ ಬಿಡಿ, ಬ್ಯಾಂಕು ಬ್ಯಾಂಕಿನ ಕೆಲಸ ಮಾಡಲಿ, ಕಾಲಕಾಲಕ್ಕೆ ಲಾಭಾಂಶ ಕೈಸೇರಲಿ ಎಂಬುದು ಇನ್ನೊಂದರ ವಾದ. ಎರಡನೆಯ ಮಾತು ಮನೆಯ ಹಿರಿಯರ ಹಿತವಚನದಂತೆ ಕೇಳಿಸುತ್ತದೆ. ಆದ್ದರಿಂದಲೇ ಅದರಲ್ಲಿರುವ ದೋಷ ಬೇಗ ಕಣ್ಣಿಗೆ ಬೀಳುವುದಿಲ್ಲ.

ಈ ಸಣ್ಣ ಷೇರುದಾರರು ಯಾರು? ಅವರಲ್ಲಿ ಬಹಳ ಮಂದಿ ಷೇರುಪೇಟೆಯ ಮೆಟ್ಟಿಲು ಹತ್ತಿದವರೇ ಅಲ್ಲ. ಮನೆ ಕಟ್ಟಲು ಸಾಲ ಕೊಡುತ್ತಿದ್ದ, ಸದಸ್ಯರೇ ಒಡೆಯರಾಗಿದ್ದ ಸಂಘಗಳು 1997ರ ಸುಮಾರಿಗೆ ಒಂದೊಂದಾಗಿ ಬ್ಯಾಂಕುಗಳಾದಾಗ, ಠೇವಣಿಯಿಟ್ಟವರಿಗೂ ಸಾಲ ಪಡೆದವರಿಗೂ ಷೇರುಗಳು ಉಚಿತವಾಗಿ ಬಂದುವು. ಹ್ಯಾಲಿಫ್ಯಾಕ್ಸ್, ನಾರ್ದರ್ನ್ ರಾಕ್ ಇವೆರಡೂ ಆ ವರ್ಷದಲ್ಲಿ ಬ್ಯಾಂಕುಗಳಾದವು. ನಿವೃತ್ತ ಉಪಾಧ್ಯಾಯರು, ಅಂಗಡಿಯವರು, ವಿಧವೆಯರು ಹೀಗೆ ಒಂದು ಬೆಳಗ್ಗೆ ಬ್ಯಾಂಕಿನ ಪಾಲುದಾರರಾದರು. ಇಂಥವರಿದ್ದರೂ ಒಟ್ಟು ಚಿತ್ರ ಬೇರೆ. 1963ರಲ್ಲಿ ಬ್ರಿಟಿಷ್ ಕಂಪನಿಗಳ ಷೇರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ವ್ಯಕ್ತಿಗಳ ಕೈಯಲ್ಲಿತ್ತು. 2022ರ ವೇಳೆಗೆ ಅದು ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿದಿದೆ. ಉಳಿದುದು ಪಿಂಚಣಿ ನಿಧಿಗಳ, ವಿಮಾ ಕಂಪನಿಗಳ, ವಿದೇಶಿ ಹೂಡಿಕೆದಾರರ ಪಾಲು.

ರಾಜಕೀಯವೆಂದರೆ ಇವರಿಗೆ ಭಯವೇಕೆ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ. 2008ರ ಫೆಬ್ರವರಿಯಲ್ಲಿ ಸರಕಾರ ನಾರ್ದರ್ನ್ ರಾಕನ್ನು ರಾಷ್ಟ್ರೀಕರಿಸಿತು. ಷೇರುದಾರರಿಗೆ ಸಲ್ಲಬೇಕಾದ ಪರಿಹಾರ ಸೊನ್ನೆಯೆಂದು ಮೌಲ್ಯಮಾಪಕರು 2009ರಲ್ಲಿ ತೀರ್ಮಾನಿಸಿದರು. ಲಾಯ್ಡ್ಸ್ ಬ್ಯಾಂಕಿನ ಕತೆ ಇನ್ನೂ ನೋವಿನದು. ಎಚ್ಚರದ ಸಾಲ, ತಪ್ಪದ ಲಾಭಾಂಶ ಎಂದು ಹೆಸರಾಗಿದ್ದ ಆ ಬ್ಯಾಂಕು, 2008ರ ಸೆಪ್ಟೆಂಬರಿನಲ್ಲಿ ಗಾರ್ಡನ್ ಬ್ರೌನ್ ಸರಕಾರದ ಪ್ರೋತ್ಸಾಹದಿಂದ, ಮುಳುಗುತ್ತಿದ್ದ ಎಚ್‌ಬಿಒಎಸ್ ಬ್ಯಾಂಕನ್ನು ತನ್ನೊಳಕ್ಕೆ ಸೇರಿಸಿಕೊಳ್ಳಲು ಒಪ್ಪಿತು. ಸ್ಪರ್ಧೆಯ ಕಾನೂನನ್ನೇ ಅದಕ್ಕಾಗಿ ಬದಿಗಿರಿಸಲಾಯಿತು. ಪರಿಣಾಮವಾಗಿ ಲಾಯ್ಡ್ಸ್ ತಾನೇ ಸರಕಾರದ ನೆರವಿಗೆ ಕೈಯೊಡ್ಡಿತು, ಆರು ವರ್ಷಗಳಿಗೂ ಮೇಲ್ಪಟ್ಟು ಲಾಭಾಂಶವೇ ಇಲ್ಲದಾಯಿತು. ಸಾವಿರಾರು ಷೇರುದಾರರು ನ್ಯಾಯಾಲಯಕ್ಕೆ ಹೋದರು. ಎಚ್‌ಬಿಒಎಸ್ ಪಡೆದಿದ್ದ ತುರ್ತು ನೆರವಿನ ಸಂಗತಿಯನ್ನು ಷೇರುದಾರರಿಗೆ ತಿಳಿಸಬೇಕಾಗಿತ್ತೆಂದು ನ್ಯಾಯಾಧೀಶರು 2019ರ ನವೆಂಬರಿನಲ್ಲಿ ಒಪ್ಪಿದರು. ಆದರೂ ದಾವೆ ವಜಾ ಆಯಿತು. ಮರುವರ್ಷದ ಮಾರ್ಚ್ 31ರಂದು, ಮಹಾಮಾರಿಯ ಕಾಲದಲ್ಲಿ, ನಿಯಂತ್ರಣ ಸಂಸ್ಥೆಯ ಕೋರಿಕೆಯಂತೆ ದೊಡ್ಡ ಬ್ಯಾಂಕುಗಳೆಲ್ಲ ಲಾಭಾಂಶವನ್ನು ತಡೆದುವು. ಮುಪ್ಪಿನಲ್ಲಿ ಆ ಹಣವನ್ನೇ ನೆಚ್ಚಿದವರು ರಾಜಕೀಯವನ್ನು ಹೇಗೆ ಪ್ರೀತಿಸಿಯಾರು?

ಭಯ ನ್ಯಾಯವಾದುದೇ. ಆದರೆ ಆ ಭಯದಿಂದ ಅವರು ತೆಗೆದ ತೀರ್ಮಾನ ನ್ಯಾಯವಾದುದಲ್ಲ. ಆಳುವವರು ಬ್ಯಾಂಕಿನೊಳಕ್ಕೆ ಕೈಹಾಕುವುದು ಒಂದು. ಬ್ಯಾಂಕಿನ ಒಡೆಯನು ತನ್ನ ಹಣ ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ಕಾಲಕ್ಕೆ ಹೋಗಿದೆಯೆಂದು ಕೇಳುವುದು ಮತ್ತೊಂದು. ಮೊದಲನೆಯದು ರಾಜಕೀಯ. ಎರಡನೆಯದು ಲೇವಾದೇವಿಯಷ್ಟೇ ಹಳೆಯ ವಿವೇಕ. ಯಾವ ಸಾಹುಕಾರನೂ ಸಾಲ ಕೊಡುವಾಗ ಉದ್ದೇಶವನ್ನು ವಿಚಾರಿಸದೆ ಥೈಲಿ ಬಿಚ್ಚಿದವನಲ್ಲ. ಒಂದು ತೈಲಕ್ಷೇತ್ರ ಇಪ್ಪತ್ತು ಮೂವತ್ತು ವರ್ಷ ದುಡಿಯಬೇಕೆಂದು ಲೆಕ್ಕ ಹಾಕಿ ಬಂಡವಾಳ ಹೂಡುತ್ತಾರೆ. ಅದೇ ಅವಧಿಯಲ್ಲಿ ಆ ದೇಶದ ಕಾನೂನು ತೈಲದ ಬಳಕೆಯನ್ನು ಇಳಿಸಲು ಹೊರಟಿದ್ದರೆ, ಆ ಸಾಲ ಮರಳಿ ಬಂದೀತೆ ಎಂಬ ಪ್ರಶ್ನೆಯನ್ನು ಖಾತೆ ಬರೆಯುವ ಗುಮಾಸ್ತನೂ ಕೇಳಬೇಕಾದುದೇ. ಅದನ್ನು ಕೇಳಿದವನನ್ನು ಚಳವಳಿಗಾರನೆಂದು ಕರೆದು ಕುಳ್ಳಿರಿಸುವುದು ವ್ಯಾಪಾರದ ಲಕ್ಷಣವಲ್ಲ.

ಇದು ಒಂದು ಪಕ್ಷದ ಹುನ್ನಾರವೆಂಬ ಮಾತಂತೂ ಇತಿಹಾಸಕ್ಕೆ ವಿರುದ್ಧ. 2008ರ ಹವಾಮಾನ ಬದಲಾವಣೆ ಕಾಯಿದೆಯನ್ನು ತಂದುದು ಲೇಬರ್ ಸರಕಾರ. ಕನ್ಸರ್ವೇಟಿವ್ ಪಕ್ಷವೂ ಅದನ್ನು ಬೆಂಬಲಿಸಿತು. 1990ಕ್ಕೆ ಹೋಲಿಸಿ 2050ರೊಳಗೆ ಶೇಕಡ 80ರಷ್ಟು ಇಳಿಸಬೇಕೆಂದಿದ್ದ ಗುರಿಯನ್ನು 2019ರಲ್ಲಿ ಪೂರ್ಣ ನೂರಕ್ಕೆ, ಅಂದರೆ ನಿವ್ವಳ ಶೂನ್ಯಕ್ಕೆ ಏರಿಸಿದವರು ಕನ್ಸರ್ವೇಟಿವ್ ಪ್ರಧಾನಿ ಥೆರೆಸಾ ಮೇ. ಅದೇ ಪಕ್ಷದ ನಾಯಕಿ ಕೆಮಿ ಬೇಡನಾಕ್ 2025ರ ಮಾರ್ಚಿನಲ್ಲಿ ಆ ಗುರಿ ಅಸಾಧ್ಯವೆಂದರು. ಅಕ್ಟೋಬರಿನಲ್ಲಿ ಕಾಯಿದೆಯನ್ನೇ ರದ್ದುಪಡಿಸುವುದಾಗಿ ಸಾರಿದರು. ರಿಫಾರ್ಮ್ ಪಕ್ಷ ಅದಕ್ಕೂ ಮುಂದೆ ನಿಂತಿದೆ. ಪಕ್ಷಗಳು ತಮ್ಮ ಮಾತನ್ನು ಹದಿನೇಳು ವರ್ಷಕ್ಕೊಮ್ಮೆ ತಿರುಗಿಸಬಹುದು. ಕೊಟ್ಟ ಸಾಲ ಚುನಾವಣೆಯ ಫಲಿತಾಂಶ ನೋಡಿ ತಿರುಗುವುದಿಲ್ಲ. ಗಾಳಿಗೆ ಸೇರಿದ ಹೊಗೆಯೂ ಹಾಗೆಯೇ.

ತಮ್ಮ ಪಾಲು ಅಲ್ಪ, ತಮ್ಮಿಂದೇನಾದೀತು ಎಂಬ ಇನ್ನೊಂದು ಸಮಾಧಾನವಿದೆ. ಪಾಲು ಅಲ್ಪವಾದರೆ ಹೊಣೆಯೂ ಅಷ್ಟೇ ಅಲ್ಪವಾದೀತು, ಇಲ್ಲವಾಗದು. ಲಾಭಾಂಶದ ಚೀಟಿ ಬಂದ ದಿನ ಒಡೆಯ, ಲೆಕ್ಕ ಕೇಳಬೇಕಾದ ದಿನ ದಾರಿಹೋಕ ಎಂಬ ಎರಡು ವೇಷಗಳನ್ನು ಒಬ್ಬನೇ ತೊಡುವಂತಿಲ್ಲ. ಮಾಡಿದವನಷ್ಟೇ ಅಲ್ಲ, ಮಾಡಿಸಿದವನೂ ಅನುಮೋದಿಸಿದವನೂ ಫಲಕ್ಕೆ ಬಾಧ್ಯನೆಂದು ಬಾಲ್ಯದಿಂದ ಕೇಳಿದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ಮೊದಲನೆಯ ಪಂಗಡದವರನ್ನೂ ಸುಮ್ಮನೆ ಬಿಡಲಾಗದು. 2022ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನಲ್ಲಿ ನಡೆದ ಬಾರ್ಕ್ಲೇಸ್ ಮಹಾಸಭೆಯನ್ನು ಪ್ರತಿಭಟನಕಾರರು ಮತ್ತೆ ಮತ್ತೆ ನಿಲ್ಲಿಸಿದರು. ದೂರದ ಊರಿನಿಂದ ಪ್ರಶ್ನೆ ಬರೆದುಕೊಂಡು ಬರುವ ಮುದುಕನ ಮಾತನ್ನು ಕೂಗಿನಲ್ಲಿ ಮುಳುಗಿಸಿ ಗೆದ್ದದ್ದೇನು? ಯುಕ್ರೇನಿನ ಯುದ್ಧದಿಂದ ಅದೇ ವರ್ಷ ಅನಿಲದ ಬೆಲೆ ಗಗನಕ್ಕೇರಿ, ಮನೆ ಬೆಚ್ಚಗಿಡಲು ಪರದಾಡಿದವರು ಅಲ್ಲಿ ಅಸಂಖ್ಯರು. ಆಬರ್ಡೀನ್ ನಗರದಲ್ಲಿ ತೈಲದಿಂದಲೇ ಅನ್ನ ಕಾಣುವ ಸಂಸಾರಗಳಿವೆ. ಇವರನ್ನು ಲೆಕ್ಕಕ್ಕಿಡದ ವಾದ ಅರ್ಧ ವಾದ.

ಸಾಲದ ಉದ್ದೇಶವನ್ನು ಪರೀಕ್ಷಿಸುವುದಕ್ಕೂ ಗಿರಾಕಿಯ ಅಭಿಪ್ರಾಯವನ್ನು ಪರೀಕ್ಷಿಸುವುದಕ್ಕೂ ಇರುವ ಗೆರೆಯನ್ನು ಬ್ಯಾಂಕೇ ದಾಟಿದ ಉದಾಹರಣೆಯೂ ಉಂಟು. 2023ರಲ್ಲಿ ನ್ಯಾಟ್‌ವೆಸ್ಟ್ ಒಡೆತನದ ಕೂಟ್ಸ್ ಬ್ಯಾಂಕು ರಾಜಕಾರಣಿ ನೈಜೆಲ್ ಫರಾಜ್ ಅವರ ಖಾತೆಯನ್ನು ಮುಚ್ಚಲು ಹೊರಟಿತು. ಅವರ ರಾಜಕೀಯ ನಿಲುವುಗಳೂ ಅಲ್ಲಿ ಚರ್ಚೆಗೆ ಬಂದಿದ್ದುವೆಂಬುದು ಬ್ಯಾಂಕಿನದೇ ಕಡತದಿಂದ ಹೊರಬಿತ್ತು. ಖಾತೆಯ ವಿಚಾರವನ್ನು ಪತ್ರಕರ್ತರೊಬ್ಬರೊಡನೆ ಮಾತಾಡಿದ ಮುಖ್ಯಾಧಿಕಾರಿ ಅಲಿಸನ್ ರೋಸ್ ಜುಲೈ 26ರಂದು ರಾಜೀನಾಮೆ ಕೊಟ್ಟರು. ಷೇರಿನ ಬೆಲೆ ಕುಸಿಯಿತು. ಆಗ ಆ ಬ್ಯಾಂಕಿನ ಶೇಕಡ 39ರಷ್ಟು ಪಾಲು ಸರಕಾರದ್ದೇ ಆಗಿತ್ತು. ಫರಾಜರ ವಿಚಾರಗಳು ಎಷ್ಟೇ ಅಪ್ರಿಯವಾಗಿರಲಿ, ಅವರ ಠೇವಣಿಯಿಂದ ಯಾವ ಗಣಿಯೂ ತೆರೆಯಲಿಲ್ಲ. ಹಣ ಮಾಡುವ ಕೆಲಸವನ್ನು ತೂಗಬೇಕಾದ ತಕ್ಕಡಿಯಲ್ಲಿ ಮನುಷ್ಯನ ಮತವನ್ನು ತೂಗಿದ್ದು ಅಪರಾಧ. ಹಸಿರು ಪಂಗಡದವರು ಇದನ್ನು ಗಟ್ಟಿಯಾಗಿ ಖಂಡಿಸಿದ್ದರೆ ಅವರ ಪ್ರಶ್ನೆಗೆ ಹೆಚ್ಚಿನ ಬೆಲೆ ಬರುತ್ತಿತ್ತು.

ಇನ್ನು ಬ್ಯಾಂಕುಗಳ ನಡತೆ. ಹನ್ನೊಂದು ಹೂಡಿಕೆ ಸಂಸ್ಥೆಗಳೂ ನೂರಕ್ಕೂ ಹೆಚ್ಚು ಸಣ್ಣ ಷೇರುದಾರರೂ ಕೂಡಿ ಬಾರ್ಕ್ಲೇಸ್ ಮುಂದೆ 2020ರಲ್ಲಿ ಒಂದು ನಿರ್ಣಯವನ್ನಿಟ್ಟರು: ಪ್ಯಾರಿಸ್ ಒಪ್ಪಂದಕ್ಕೆ ಹೊಂದದ ಇಂಧನ ಕಂಪನಿಗಳಿಗೆ ಹಣ ಒದಗಿಸುವುದನ್ನು ಹಂತಹಂತವಾಗಿ ನಿಲ್ಲಿಸಬೇಕು ಎಂದು. ಮಂಡಳಿ ಜಾಣತನದಿಂದ ತನ್ನದೇ ನಿರ್ಣಯವನ್ನು ಪಕ್ಕದಲ್ಲಿಟ್ಟಿತು. 2050ರೊಳಗೆ ನಿವ್ವಳ ಶೂನ್ಯ ಮುಟ್ಟುವ ಆಕಾಂಕ್ಷೆ ಅದರಲ್ಲಿತ್ತು. ಮೇ 7ರಂದು ಮಂಡಳಿಯ ನಿರ್ಣಯಕ್ಕೆ ಶೇಕಡ 99ಕ್ಕೂ ಮೀರಿ, ಷೇರುದಾರರ ನಿರ್ಣಯಕ್ಕೆ ಸುಮಾರು 24ರಷ್ಟು ಮತ ಬಂದವು. ಯಾರಿಗೂ ನೋವಾಗದ ಮಾತಿಗೆ ಎಲ್ಲರೂ ಕೈಯೆತ್ತಿದರು.

ಅಂಥ ಮಾತಿನ ಬೆಲೆ ಐದು ವರ್ಷಗಳಲ್ಲಿ ತಿಳಿಯಿತು. ವಿಶ್ವಸಂಸ್ಥೆಯ ಆಶ್ರಯದಲ್ಲಿ 2021ರ ಏಪ್ರಿಲಿನಲ್ಲಿ ಹುಟ್ಟಿದ ನಿವ್ವಳ ಶೂನ್ಯ ಬ್ಯಾಂಕುಗಳ ಒಕ್ಕೂಟದಿಂದ, ಅಮೆರಿಕದಲ್ಲಿ 2024ರ ಚುನಾವಣೆ ಮುಗಿದ ಬೆನ್ನಿಗೇ ಅಲ್ಲಿನ ದೊಡ್ಡ ಬ್ಯಾಂಕುಗಳು ಹೊರನಡೆದವು. 2025ರ ಜುಲೈಯಲ್ಲಿ ಎಚ್‌ಎಸ್‌ಬಿಸಿ, ಆಗಸ್ಟಿನಲ್ಲಿ ಬಾರ್ಕ್ಲೇಸ್ ಅವುಗಳ ಹೆಜ್ಜೆ ಹಿಡಿದವು. ಅಕ್ಟೋಬರಿನಲ್ಲಿ ಒಕ್ಕೂಟವೇ ಕಣ್ಣುಮುಚ್ಚಿತು. ಗುರಿಯನ್ನು ಕೈಬಿಟ್ಟಿಲ್ಲವೆಂದು ಈ ಬ್ಯಾಂಕುಗಳು ಹೇಳುತ್ತವೆ. ಇರಲಿ. ಬ್ಯಾಂಕಿನಲ್ಲಿ ರಾಜಕೀಯ ಕೂಡದೆನ್ನುವ ಸಜ್ಜನರು ಇಲ್ಲಿ ಉತ್ತರ ಕೊಡಬೇಕು: ಅಟ್ಲಾಂಟಿಕ್ ಸಾಗರದಾಚೆಯ ಚುನಾವಣೆಯ ಗಾಳಿಗೆ ಬಾಗುವುದು ರಾಜಕೀಯವಲ್ಲವೆ? ಒಳಕ್ಕೆ ಹೋಗುವಾಗ ರಾಜಕೀಯವಾದ ಬಾಗಿಲು ಹೊರಕ್ಕೆ ಬರುವಾಗ ವ್ಯವಹಾರದ ಬಾಗಿಲಾಗುವುದು ಹೇಗೆ?

ಕೇಳುವ ದಾರಿಗಳು ಮುಚ್ಚಿಲ್ಲ. ಇಂದು ಬಹುಪಾಲು ಸಣ್ಣ ಷೇರುಗಳು ದಲ್ಲಾಳಿ ಸಂಸ್ಥೆಯ ಹೆಸರಿನ ಖಾತೆಯಲ್ಲಿರುತ್ತವೆ. ಕಂಪನಿಯ ದಾಖಲೆ ಪುಸ್ತಕದಲ್ಲಿ ಇರುವುದು ದಲ್ಲಾಳಿಯ ಹೆಸರು. ಮತ ಹಾಕುವ ಅವಕಾಶವನ್ನು ಅವರಿಂದ ಕೇಳಿ ಪಡೆಯಬೇಕು, ಮತ್ತು ಕೇಳದವರ ಮತ ಪೆಟ್ಟಿಗೆಗೆ ಬೀಳುವುದಿಲ್ಲ. ಆದರೆ 2006ರ ಕಂಪನಿ ಕಾಯಿದೆಯ 338ನೆಯ ಸೆಕ್ಷನ್ನು ಒಂದು ಉದಾರವಾದ ಅವಕಾಶವನ್ನಿಟ್ಟಿದೆ. ಒಟ್ಟು ಮತಗಳಲ್ಲಿ ಶೇಕಡ 5 ಇರುವವರು, ಅಥವಾ ಸರಾಸರಿ ತಲಾ ನೂರು ಪೌಂಡಿನಷ್ಟು ಬಂಡವಾಳ ಸಂದಾಯವಾದ ಷೇರುಗಳುಳ್ಳ ನೂರು ಮಂದಿ ಸದಸ್ಯರು ಕೇಳಿದರೆ, ಅವರ ನಿರ್ಣಯವನ್ನು ಕಂಪನಿಯು ಎಲ್ಲ ಷೇರುದಾರರಿಗೂ ಕಳುಹಿಸಿ ಸಭೆಯ ಮುಂದಿಡಬೇಕು. ದಲ್ಲಾಳಿಯ ಖಾತೆಯಲ್ಲಿರುವವರೂ ನಿಗದಿಯಾದ ವಿವರಗಳನ್ನು ಒದಗಿಸಿ ಆ ನೂರರಲ್ಲಿ ಸೇರಬಹುದು. ಎಷ್ಟು ಕೋಟಿ ಷೇರುಗಳ ಬ್ಯಾಂಕಾದರೂ ಬೇಕಾದುದು ನೂರು ಸಹಿ. ತೈಲಕ್ಕೆ ಸಾಲ ಕೊಡುವುದೇ ಸರಿಯೆಂದು ನಂಬಿದ ಷೇರುದಾರರಿಗೂ ಅದೇ ಸೆಕ್ಷನ್ನು ತೆರೆದಿದೆ; ಅವರೂ ನೂರು ಸಹಿ ಕೂಡಿಸಿ, ಯಾವ ಕ್ಷೇತ್ರಕ್ಕೆ ಎಷ್ಟು ವರ್ಷದ ಸಾಲವೆಂದು ಬರೆದು, ಅದನ್ನು ಮತಕ್ಕಿಡಲಿ.