ಕಾಯುವ ನಾಲ್ಕು ಭಾನುವಾರ

ನಂಜನಗೂಡು ತಾಲ್ಲೂಕಿನ ಹೆಡತಲೆಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯವಿದೆ. ವಿಷ್ಣು ದೇವಾಲಯಗಳಿಗೆ ಡಿಸೆಂಬರ್ ನಡುವಿನಿಂದ ಧನುರ್ಮಾಸ. ಹೊತ್ತು ಹುಟ್ಟುವ ಮೊದಲೇ ಪೂಜೆ, ಬಿಸಿ ಹುಗ್ಗಿಯ ಪ್ರಸಾದ. ಅದಕ್ಕೂ ತುಸು ಮುಂಚೆ, ನವೆಂಬರ್ 30ರ ಆಸುಪಾಸಿನ ಭಾನುವಾರದಿಂದ, ಮೈಸೂರಿನ ಸಂತ ಫಿಲೋಮಿನಾ ಚರ್ಚಿನಲ್ಲಿ ಇನ್ನೊಂದು ವ್ರತ ಆರಂಭವಾಗಿರುತ್ತದೆ. ನಮ್ಮ ಕನ್ನಡ ಕ್ರೈಸ್ತರು ಅದನ್ನು ‘ಆಗಮನ ಕಾಲ’ ಎನ್ನುತ್ತಾರೆ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರ; ಒಂದೊಂದಕ್ಕೆ ಒಂದೊಂದು ಮೇಣದಬತ್ತಿ. ಮೊದಲನೆಯದನ್ನು ಭರವಸೆಯ ದೀಪ ಎನ್ನುವ ವಾಡಿಕೆಯಿದೆ. ಎರಡೂ ಕತ್ತಲಲ್ಲಿ ಎದ್ದು ಬೆಳಕಿಗೆ ಸಿದ್ಧವಾಗುವ ಆಚರಣೆಗಳೇ.

ಈ ದೀಪಗಳ ಹಿಂದೆ ಮಕ್ಕಳ ಕಥೆಯೊಂದಿದೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳಿಗಾಗಿ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಕ್ ವಿಕರ್ನ್ ಎಂಬ ಪಾದ್ರಿಗೆ ಮಕ್ಕಳದು ದಿನವೂ ಒಂದೇ ಪ್ರಶ್ನೆ: ಕ್ರಿಸ್ಮಸ್ ಯಾವಾಗ? ಆತ ಗದರಲಿಲ್ಲ. 1839ರಲ್ಲಿ ಹಳೆಯ ಗಾಡಿಚಕ್ರವೊಂದರ ಮೇಲೆ ಬತ್ತಿಗಳನ್ನು ನಿಲ್ಲಿಸಿದ. ವಾರದ ದಿನಕ್ಕೆ ಚಿಕ್ಕದು, ಭಾನುವಾರಕ್ಕೆ ದೊಡ್ಡದು. ದಿನಕ್ಕೊಂದು ಹಚ್ಚುತ್ತ ಹೋದಂತೆ ಹಬ್ಬ ಎಷ್ಟು ದೂರ ಎಂಬುದು ಮಕ್ಕಳ ಕಣ್ಣಿಗೇ ಕಂಡಿತು. ಬೆಟ್ಟದಂಥ ಕಾಯುವಿಕೆ ಒಂದೊಂದು ದಿನದ ಕೆಲಸವಾಯಿತು. ಮಾರ್ಚ್ ಪರೀಕ್ಷೆಯನ್ನು ನೆನೆದು ಈಗಲೇ ಬೆವರುವ ವಿದ್ಯಾರ್ಥಿಗೂ ಇದಕ್ಕಿಂತ ಒಳ್ಳೆಯ ವೇಳಾಪಟ್ಟಿ ಬೇಕೆ? ಇಂದಿನ ಬತ್ತಿ ಇಂದು, ನಾಳೆಯದು ನಾಳೆ.

ಕನ್ನಡ ಬೈಬಲ್ಲಿನಲ್ಲಿ ಭರವಸೆಗೆ ಬಳಸಿರುವ ಪದ ‘ನಿರೀಕ್ಷೆ’. ಮನೆಗಳಲ್ಲಿ ಇದೇ ಪದಕ್ಕೆ ಬೇರೆ ಅರ್ಥ ಬಂದುಬಿಟ್ಟಿದೆ. ‘ನಿನ್ನ ಮೇಲೆ ಎಷ್ಟು ನಿರೀಕ್ಷೆ ಇಟ್ಟಿದ್ದೆವು!’ ಎನ್ನುವಾಗ ಅದು ದೀಪವಲ್ಲ, ತಲೆಯ ಮೇಲಿನ ಹೊರೆ. ಫಲಿತಾಂಶದ ದಿನ ಮನೆಗೆ ಬರಲು ಹೆದರುವ ಮಗು ಹೆದರುವುದು ಅಂಕಗಳಿಗಲ್ಲ, ಈ ಮಾತಿಗೆ. ಇಂತಿಷ್ಟೇ ಬರಬೇಕು ಎಂದು ಕೂರುವುದು ಲೆಕ್ಕಾಚಾರ. ಏನೇ ಬಂದರೂ ಬಾಗಿಲು ತೆರೆದಿರುತ್ತದೆ ಎನ್ನುವುದು ಭರವಸೆ.

ನಮ್ಮ ಸೀಮೆಯದೇ ಒಂದು ಉದಾಹರಣೆ ನೋಡಿ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಅಬ್ಬೆ ದುಬೊಯ್ ಎಂಬ ಫ್ರೆಂಚ್ ಪಾದ್ರಿ ಮೈಸೂರು ಸೀಮೆಗೆ ಬಂದರು. ಇಲ್ಲಿನವರಂತೆಯೇ ಉಟ್ಟು ಉಂಡು ಬದುಕಿದ ಅವರನ್ನು ಜನ ‘ದೊಡ್ಡಸ್ವಾಮಿಯವರು’ ಎಂದು ಕರೆಯುತ್ತಿದ್ದರಂತೆ. ಅವರು ಬಂದದ್ದು ಧರ್ಮಪ್ರಚಾರಕ್ಕೆ. ಆದರೆ ಆ ಉದ್ದೇಶ ಕೈಗೂಡುವಂಥದ್ದಲ್ಲ ಎಂದು ಕಡೆಗೆ ಅವರೇ ಬರೆದರು; 1823ರಲ್ಲಿ ಊರಿಗೆ ಮರಳಿದರು. ನಡುವೆ ಇನ್ನೊಂದು ಕೆಲಸ ಮಾಡಿದ್ದರು. ಸಿಡುಬು ಊರೂರನ್ನೇ ನುಂಗುತ್ತಿದ್ದ ಆ ಕಾಲದಲ್ಲಿ, ಆಗಷ್ಟೇ ಬಂದಿದ್ದ ದೇವಿ ಹಾಕುವ ಪದ್ಧತಿಯನ್ನು ಈ ಸೀಮೆಯಲ್ಲಿ ಹರಡಲು ಶ್ರಮಿಸಿದ್ದರು. ಆ ಲಸಿಕೆಯ ಹಾದಿಯಲ್ಲೇ ನಡೆದು, ಸಿಡುಬು ಭೂಮಿಯಿಂದ ತೊಲಗಿತೆಂದು ಜಗತ್ತು ಸಾರಿದ್ದು 1980ರಲ್ಲಿ. ದುಬೊಯ್ ತೀರಿಕೊಂಡು ಆಗಲೇ 132 ವರ್ಷವಾಗಿತ್ತು.

ಅವರು ಕಾದದ್ದು ಬರಲಿಲ್ಲ. ಕಾಯುತ್ತ ಮಾಡಿದ ಕೆಲಸ ಮಾತ್ರ ವ್ಯರ್ಥವಾಗಲಿಲ್ಲ. ಬಯಸಿದ ಸೀಟು ಸಿಗದ ಮಕ್ಕಳಿಗೂ, ಬಯಸಿದಂತೆ ಮಗ ಆಗಲಿಲ್ಲವೆಂದು ನೋಯುವ ತಂದೆತಾಯಿಗೂ ಇದು ನೆನಪಿರಲಿ. ಓದುತ್ತ ಕಲಿತದ್ದು ಯಾವ ಫಲಿತಾಂಶದ ಪಟ್ಟಿಯಿಂದಲೂ ಅಳಿಸಿಹೋಗದು.

ಆಗಮನ ಕಾಲದ ಬಣ್ಣ ನೇರಳೆ, ಪಶ್ಚಾತ್ತಾಪದ ಬಣ್ಣ. ಮೂರನೆಯ ಭಾನುವಾರ ಮಾತ್ರ ಗುಲಾಬಿ. ಉಪವಾಸದ ನಡುವೆಯೂ ಒಂದು ದಿನ ಸಂತೋಷಕ್ಕೆಂದು ಹಿರಿಯರು ಮೀಸಲಿಟ್ಟರು. ಪರೀಕ್ಷೆಯ ಈ ತಿಂಗಳುಗಳಲ್ಲಿ ಅಂಥದೊಂದು ಭಾನುವಾರ ನಿಮ್ಮ ಮನೆಯಲ್ಲೂ ಇರಲಿ. ಅಂದು ಅಂಕಗಳ ಮಾತು ಬೇಡ. ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಿ.