ಬಸ್ಸಲ್ಲಿ ಹೋಗಿ ಬ್ಲಫ್ ನೋಡಿದ್ರೆ ನೋಡಿದ ಹಾಗಲ್ಲ

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಸೆಕ್ಷನ್ ಶಿವನಸಮುದ್ರಕ್ಕೆ ಇಂಡಸ್ಟ್ರಿಯಲ್ ವಿಸಿಟ್ ಹೋಗಿತ್ತು. ಬಸ್ಸಲ್ಲಿ ಹಾಡು, ದಾರಿಯಲ್ಲಿ ಇಡ್ಲಿ, ಪವರ್ ಹೌಸ್ ಒಳಗೆ ನಲವತ್ತು ನಿಮಿಷ, ಗಗನಚುಕ್ಕಿ ಮುಂದೆ ಗ್ರೂಪ್ ಫೋಟೋ. ಟರ್ಬೈನ್ ಸದ್ದಿನಲ್ಲಿ ಅಲ್ಲಿಯವರು ಹೇಳಿದ್ದು ಹಿಂದೆ ನಿಂತ ನನಗೆ ಒಂದಕ್ಷರ ಕೇಳಿಸಲಿಲ್ಲ. ರಿಪೋರ್ಟ್ ಸೀನಿಯರ್‌ದು, ದಿನಾಂಕ ಮಾತ್ರ ನಂದು. ಹತ್ತಕ್ಕೆ ಒಂಬತ್ತು ಮಾರ್ಕ್ಸ್ ಬಂತು.

ದಸರಾ ರಜೆಯಲ್ಲಿ ಅದೇ ಜಾಗಕ್ಕೆ ನಾನೂ ನನ್ನ ರೂಮ್‌ಮೇಟೂ ಸೈಕಲ್‌ನಲ್ಲಿ ಹೋದ್ವಿ. ಈ ಸಲ ಪವರ್ ಹೌಸ್ ಒಳಗೆ ಕಾಲೇ ಇಡಲಿಲ್ಲ. ಅದಕ್ಕೆ ಮುಂಚೆಯೇ ಪರ್ಮಿಷನ್ ಬೇಕು, ನಾವು ತಗೊಂಡಿರಲಿಲ್ಲ. ಆದರೂ ಈ ಎರಡನೇ ಸಲವೇ ನಾನು ಅದನ್ನ ನೋಡಿದ್ದು ಅಂತ ನನ್ನ ಅಭಿಪ್ರಾಯ. ನಾಲ್ಕು ವರ್ಷದ ಎಂಜಿನಿಯರಿಂಗ್‌ನಲ್ಲಿ ಒಂದಾದರೂ ಇಂಡಸ್ಟ್ರಿಯಲ್ ವಿಸಿಟ್ ಸೈಕಲ್ ಮೇಲೆ ಆಗಬೇಕು. ತಮಾಷೆ ಅಲ್ಲ, ಸೀರಿಯಸ್ಸಾಗಿಯೇ ಹೇಳ್ತಿದ್ದೀನಿ.

ನಾವು ಹೊರಟಿದ್ದು ಮದ್ದೂರಿಂದ. ಅದಕ್ಕೆ ವಡೆ ಕಾರಣ ಅಲ್ಲ (ಸರಿ, ವಡೆಯೂ ಒಂದು ಕಾರಣ). 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟ್ ಶುರುವಾಗೋ ಮುಂಚೆ ಸ್ವಿಟ್ಜರ್‌ಲೆಂಡಿನ ಎಷರ್ ವಿಸ್ ಕಂಪನಿಯ ಟರ್ಬೈನ್, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಯಂತ್ರಗಳು ರೈಲಲ್ಲಿ ಮದ್ದೂರಿನವರೆಗೆ ಬಂದಿದ್ದವಂತೆ. ಮುಂದೆ ರೈಲಿಲ್ಲ. ಎತ್ತಿನ ಗಾಡಿ, ಆನೆ ಕಟ್ಟಿ ಎಳೆಸಿದ್ರು. ಮದ್ದೂರು, ಮಳವಳ್ಳಿ, ಅಲ್ಲಿಂದ ಬ್ಲಫ್. ಪವರ್ ಹೌಸ್ ಇರೋ ಊರಿಗೆ ಈ ಕಡೆಯವರು ಬ್ಲಫ್ ಅಂತಾನೇ ಅನ್ನೋದು. ಒಟ್ಟು ಸುಮಾರು 50 ಕಿ.ಮೀ. ಬಸ್ಸಲ್ಲಿ ಈ ದಾರಿ ಸಪಾಟು ಅನ್ನಿಸಿತ್ತು. ಸಪಾಟಲ್ಲ ಅಂತ ತೊಡೆ ಹೇಳುತ್ತೆ. ಒಂದು ಏರು ಹತ್ತಿ ಉಸಿರು ಬಿಡೋಷ್ಟರಲ್ಲಿ ಇನ್ನೊಂದು. ನನ್ನ ಬ್ಯಾಗಲ್ಲಿ ಇದ್ದದ್ದು ಆರು ಕೆಜಿ. ಟನ್ ಲೆಕ್ಕದ ಕಬ್ಬಿಣವನ್ನ ಇದೇ ಏರಿನಲ್ಲಿ ಎಳೆದ ಎತ್ತುಗಳನ್ನ ನೆನೆಸಿಕೊಂಡು ಗೇರ್ ಇಳಿಸಿದೆ.

ಶಿಂಷಾ ನದಿ ಮದ್ದೂರಲ್ಲೇ ಸಿಗುತ್ತೆ, ಆಮೇಲೆ ದಾರಿಯಿಂದ ದೂರ ಸರಿದು ಕೊನೆಗೆ ಶಿವನಸಮುದ್ರದ ಕೆಳಗೆ ಕಾವೇರಿ ಸೇರುತ್ತೆ. ನಡುವೆ ಪೂರ್ತಿ ಕಬ್ಬು, ಭತ್ತ, ಹೊಗೆಯಾಡೋ ಆಲೆಮನೆ. ಆಲೆಮನೆ ಒಲೆಗೆ ಉರುವಲು ಅದೇ ಕಬ್ಬಿನ ಸಿಪ್ಪೆ. ನಮ್ಮ ಥರ್ಮೋ ಪುಸ್ತಕದಲ್ಲಿ ಇಂಥದ್ದಕ್ಕೆ ಒಂದು ಇಡೀ ಚಾಪ್ಟರ್ ಇದೆ, ಇಲ್ಲಿ ಲುಂಗಿ ಕಟ್ಟಿದ ಅಣ್ಣ ಒಬ್ಬರು ಬೆಂಕಿಯ ಬಣ್ಣ ನೋಡಿಯೇ ಸಿಪ್ಪೆ ತಳ್ತಾರೆ. ಬಿಸಿ ಬೆಲ್ಲ ಕೊಟ್ರು, ದುಡ್ಡು ಬೇಡ ಅಂದ್ರು.

ಈ ಕಬ್ಬಿಗೂ ಪವರ್ ಹೌಸ್‌ಗೂ ಏನು ಸಂಬಂಧ ಅಂತ ನನಗೆ ದಾರಿಯಲ್ಲೇ ಹೊಳೆದದ್ದು. ಶಿವನಸಮುದ್ರದ ಮೊದಲ ಗಿರಾಕಿ ಕೋಲಾರದ ಚಿನ್ನದ ಗಣಿ. ಸುಮಾರು 147 ಕಿ.ಮೀ. ಲೈನ್, ಸುಮಾರು 35,000 ವೋಲ್ಟ್. ಆ ಕಾಲಕ್ಕೆ ಪ್ರಪಂಚದ ಅತಿ ಉದ್ದದ ಲೈನ್‌ಗಳಲ್ಲಿ ಒಂದು. ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗಿದ್ರೆ ಗಣಿಗೆ ಕರೆಂಟ್ ಹೇಗೆ ಕೊಡೋದು? 1911ರಲ್ಲಿ ಕೆಆರ್‌ಎಸ್ ಕೆಲಸ ಶುರುವಾಗೋಕೆ ಇದೂ ಒಂದು ದೊಡ್ಡ ಕಾರಣ. ಕೆಆರ್‌ಎಸ್ ಆದ ಮೇಲೆ ನಾಲೆ, ನಾಲೆ ಬಂದ ಮೇಲೆ ಕಬ್ಬು, 1933ಕ್ಕೆ ಮಂಡ್ಯದಲ್ಲಿ ಸಕ್ಕರೆ ಫ್ಯಾಕ್ಟರಿ. ಗಣಿ 2001ರಲ್ಲಿ ಮುಚ್ಚಿತು, ಕಬ್ಬು ಇದೆ. ಇದನ್ನೆಲ್ಲ ಸ್ಲೈಡ್‌ನಲ್ಲಿ ಹಾಕಿದ್ರೆ ನಾಲ್ಕು ಬುಲೆಟ್ ಪಾಯಿಂಟ್. ಸೈಕಲ್ ಮೇಲೆ ಒಂದು ನಾಲೆ ದಾಟಿ, ಗದ್ದೆ ದಾಟಿ, ತಲೆಯೆತ್ತಿ ವಿದ್ಯುತ್ ಲೈನ್ ನೋಡಿದಾಗ ಎಲ್ಲಾ ಒಂದಕ್ಕೊಂದು ತಗಲಿಕೊಂಡಿರೋದು ಕಾಣುತ್ತೆ.

ಮಧ್ಯಾಹ್ನ ಊಟಕ್ಕೆ ನಿಂತಿದ್ದು ರೂಮ್‌ಮೇಟ್‌ನ ಊರಲ್ಲಿ, ಮಳವಳ್ಳಿ ದಾಟಿದ ಮೇಲೆ. ಮುದ್ದೆ, ಬಸ್ಸಾರು. ನಾನು ಅವನ ಅಜ್ಜಿ ಹತ್ರ ಬುದ್ಧಿವಂತನ ಹಾಗೆ, 'ಅಜ್ಜಿ, ನಿಮ್ಮ ಕಡೆ ಕರೆಂಟ್ ಇಡೀ ಏಷ್ಯಾಗೇ ಮೊದಲು ಬಂದಿದ್ದಂತೆ' ಅಂದೆ. ಅಜ್ಜಿ ನಕ್ಕರು. 'ಎಲ್ ಬಂತು ಮಗಾ? ತಲೆ ಮ್ಯಾಲೆ ತಂತಿ ಹೋಯ್ತಿತ್ತು. ನಾನು ಮದ್ವೆಯಾಗಿ ಬಂದಾಗ ಈ ಮನೇಲಿ ಬುಡ್ಡಿ ದೀಪನೇ.'

ಮುದ್ದೆ ಗಂಟಲಲ್ಲೇ ನಿಂತಂಗಾಯ್ತು. ಬ್ಲಫ್ ಇಲ್ಲಿಂದ ಒಂದು ಗಂಟೆ ದಾರಿ. ಗಣಿಗೆ 1902ರಲ್ಲಿ, ಬೆಂಗಳೂರಿನ ಬೀದಿಗೆ 1905ರಲ್ಲಿ ಕರೆಂಟ್ ಮುಟ್ಟಿದೆ. ಅಂದಹಾಗೆ ಏಷ್ಯಾದಲ್ಲೇ ಮೊದಲು ಅನ್ನೋದೂ ಸರಿಯಲ್ಲ, ರೂಮಿಗೆ ಬಂದು ನೋಡಿದೆ. ಡಾರ್ಜಿಲಿಂಗ್ ಹತ್ರ ಸಿದ್ರಾಪಾಂಗ್‌ನಲ್ಲಿ 1897ರಲ್ಲೇ ಸಣ್ಣ ಜಲವಿದ್ಯುತ್ ಕೇಂದ್ರ ಇತ್ತು. ಶಿವನಸಮುದ್ರದ ಹೆಚ್ಚುಗಾರಿಕೆ ಇರೋದು ಅಷ್ಟು ದೂರ ಕಳಿಸಿದ್ದರಲ್ಲಿ. ಅಜ್ಜಿಯ ದೂರೂ ಅದೇ ಅಲ್ವಾ, ದೂರ ಕಳಿಸಿದ್ರು ಅಂತ! ಬಸ್ಸಲ್ಲಿ ಹೋದಾಗ ನಾವು ಈ ಊರಿನ ಮುಂದೆ ಅರವತ್ತರ ಸ್ಪೀಡಲ್ಲಿ ಹಾದು ಹೋಗಿದ್ವಿ, ಅಂತ್ಯಾಕ್ಷರಿ ಹಾಡ್ತಾ.

ಬ್ಲಫ್ ಮುಟ್ಟಿದಾಗ ಬಿಸಿಲು ಇಳಿದಿತ್ತು. ನೀರು ಸುಮಾರು 120 ಮೀಟರ್ ಕೆಳಗೆ ಧುಮುಕಿ ಟರ್ಬೈನ್ ತಿರುಗಿಸುತ್ತೆ. ಒಂದು ಲೆಕ್ಕ ಹಾಕಿದೆ. ನಾನು, ಸೈಕಲ್, ಬ್ಯಾಗ್ ಸೇರಿ 85 ಕೆಜಿ. ಅಷ್ಟೇ ಎತ್ತರ ಹತ್ತಿದ್ರೆ ನನ್ನ ಕೆಲಸ ಸುಮಾರು ಒಂದು ಲಕ್ಷ ಜೂಲ್, ಅಂದ್ರೆ 28 ವ್ಯಾಟ್-ಅವರ್. ಹಾಸ್ಟೆಲ್‌ನ 9 ವ್ಯಾಟ್ ಎಲ್‌ಇಡಿ ಬಲ್ಬ್ ಮೂರು ಗಂಟೆ ಉರಿಯುತ್ತೆ, ಅಷ್ಟೇ. ಸೆಕೆಂಡಿಗೆ ಒಂದು ಘನ ಮೀಟರ್ ನೀರು ಅದೇ ಎತ್ತರದಿಂದ ಬಿದ್ದರೆ ಒಂದು ಮೆಗಾವ್ಯಾಟ್ ದಾಟುತ್ತೆ. ಈಗ ಇಲ್ಲಿನ ಸಾಮರ್ಥ್ಯ 42 ಮೆಗಾವ್ಯಾಟ್. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ 'ಹೆಡ್' ಅನ್ನೋ ಪದವನ್ನ ನಾನು ಎಷ್ಟು ಸಲ ಬರೆದಿಲ್ಲ! ಅದು ಏನು ಅಂತ ಮೊಣಕಾಲಿಗೆ ಗೊತ್ತಾಗಿದ್ದು ಅವತ್ತೇ.

ಜರ್ಮನಿಯ ರೂರ್ ನದಿ ಗುಂಟ ಸುಮಾರು 240 ಕಿ.ಮೀ. ಸೈಕಲ್ ದಾರಿಯಿದೆ. ವಿಂಟರ್‌ಬರ್ಗ್ ಬೆಟ್ಟದಿಂದ ಡೂಯಿಸ್‌ಬರ್ಗ್ ತನಕ, ಕಲ್ಲಿದ್ದಲು ಮತ್ತು ಉಕ್ಕಿನ ನಾಡಲ್ಲೇ. ಹತ್ತಿರದ ಎಸೆನ್‌ನ ಸೋಲ್‌ಫರಾಯಿನ್ ಗಣಿ 2001ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ವಿಡಿಯೋ ನೋಡಿ ನನಗೂ ಆಸೆಯಾಗಿತ್ತು, ಬ್ಲಫ್‌ಗೂ ಹೀಗೇ ದಾರಿ ಮಾಡ್ಬೇಕು, ಬೋರ್ಡ್ ಹಾಕ್ಬೇಕು ಅಂತ. ಹಳೇದು ನಮ್ಮ ಕೈಬಿಟ್ಟು ಹೋಗ್ತಾನೂ ಇದೆ. ಶಿವನಸಮುದ್ರದ ಹಳೇ ಕಲ್ಲಿನ ಸೇತುವೆಯ ಒಂದು ಭಾಗ ಈಚಿನ ಪ್ರವಾಹದಲ್ಲಿ ಕೊಚ್ಚಿಹೋಯ್ತು. ಉಳಿದ ಕಂಬಗಳನ್ನ ನೋಡ್ತಾ ನಾನು ಈ ಭಾಷಣ ಶುರು ಮಾಡಿದ್ರೆ ರೂಮ್‌ಮೇಟ್ ಪ್ಯಾಂಟ್ ಮಡಚಿ ಮೊಣಕಾಲು ತೋರಿಸಿದ. ಉದ್ದಕ್ಕೆ ಗಾಯದ ಕಲೆ.

ಎಂಟನೇ ಕ್ಲಾಸಲ್ಲಿ ಸರ್ಕಾರ ಕೊಟ್ಟ ಸೈಕಲ್ ತುಳ್ಕೊಂಡು ಅವನು ಮೂರು ವರ್ಷ ಹೈಸ್ಕೂಲಿಗೆ ಹೋಗಿದ್ದು ಇದೇ ರಸ್ತೆಯಲ್ಲಿ. ಒಂದು ಸಂಜೆ ಕಬ್ಬಿನ ಟ್ರ್ಯಾಕ್ಟರ್ ಟ್ರೈಲರ್ ತಗುಲಿ ಚರಂಡಿಗೆ ಬಿದ್ದ. ಟ್ರೈಲರ್‌ಗೆ ರಿಫ್ಲೆಕ್ಟರ್ ಇರಲಿಲ್ಲ. 'ನೀನು ಸೈಕಲ್ ಟೂರಿಂಗ್ ಅಂತೀಯಲ್ಲ, ನಾವ್ ಅದ್ನ ಸ್ಕೂಲಿಗ್ ಹೋಗದು ಅಂತೀವಿ ಕಣ್ಲಾ' ಅಂದ. ಬೇಜಾರಲ್ಲಿ ಅಂದಿದ್ದಲ್ಲ. ಆದರೂ ನನ್ನ ಇಪ್ಪತ್ತೊಂದು ಗೇರ್‌ನ ಸೈಕಲ್ ಕಡೆ ನೋಡೋಕೆ ನನಗೆ ನಾಚಿಕೆ ಆಯ್ತು.

ಹಾಗಾಗಿ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಪರಂಪರೆಯ ಬೋರ್ಡ್ ಆಮೇಲೆ ಬರಲಿ. ಮೊದಲು ಮಳವಳ್ಳಿ ರಸ್ತೆಯ ಅಂಚಲ್ಲಿ ಎರಡು ಅಡಿ ಗಟ್ಟಿ ಜಾಗ ಬೇಕು, ಕಬ್ಬಿನ ಟ್ರೈಲರ್‌ಗೆ ರಿಫ್ಲೆಕ್ಟರ್ ಬೇಕು. ಶನಿವಾರ ಬರೋ ನಮ್ಮಂಥವರಿಗೆ ಅದು ಸೌಕರ್ಯ, ದಿನಾ ಓಡಾಡೋ ಮಕ್ಕಳಿಗೆ ಜೀವ. ರಿಫ್ಲೆಕ್ಟರ್ ಟೇಪ್ ಅಂಟಿಸೋಕೆ ನಮಗೆ ಯಾರ ಪರ್ಮಿಷನ್ನೂ ಬೇಕಿಲ್ಲ, ಟ್ರ್ಯಾಕ್ಟರ್ ಓನರ್‌ನ ಕೇಳಿದ್ರೆ ಸಾಕು. ಟೆಕ್ ಫೆಸ್ಟ್‌ನ ಫ್ಲೆಕ್ಸ್‌ಗೆ ಖರ್ಚು ಮಾಡೋ ದುಡ್ಡಲ್ಲಿ ಎಷ್ಟು ರೋಲ್ ಬರುತ್ತೆ ಅಂತ ಕ್ಲಬ್ಬಿನ ಟ್ರೆಜರರ್ ಲೆಕ್ಕ ಹಾಕಲಿ.

ಇಂಟರ್ನಲ್ಸ್ ಮುಗಿದ ಮೇಲಿನ ಶನಿವಾರ ಮತ್ತೆ ಹೊರಡ್ತೀವಿ. ಎಕ್ಸ್‌ಪ್ರೆಸ್‌ವೇಯಲ್ಲಿ ಸೈಕಲ್ ಬಿಡಲ್ಲ, ಸರ್ವಿಸ್ ರೋಡೇ ಗತಿ, ಆದ್ದರಿಂದ ಬೆಳಗ್ಗೆ ಐದಕ್ಕೇ ಹಾಸ್ಟೆಲ್ ಗೇಟ್ ಹತ್ರ ಇರಬೇಕು. ಗೇರ್ ಇಲ್ಲದ ಸೈಕಲ್ ಆದ್ರೂ ನಡೆಯುತ್ತೆ, ಬ್ರೇಕ್ ಮಾತ್ರ ನೋಡ್ಕೊಳ್ಳಿ. ಎಷ್ಟು ಜನ ಅಂತ ಮುಂಚೆ ಹೇಳಿ, ಅಜ್ಜಿ ಮುದ್ದೆಗೆ ಹಿಟ್ಟು ಬೀಸಿಸಬೇಕಂತೆ.