ಡಿಗ್ರಿ ಅರ್ಧಕ್ಕ ಬಿಟ್ಟು ಡೆಂಟಲ್‌ಗೆ?

ಹೋದ ವಾರ ಅಮೆರಿಕಾದಿಂದ ನಮ್ಮ ತಂಗಿ ಫೋನ್ ಮಾಡಿದ್ಲು. "ಅಕ್ಕಾ, ನಮ್ಮ ಹುಡುಗಿ ಕಾಲೇಜಿನಾಗ ಎರಡನೇ ವರ್ಷ ಮುಗಿಸ್ಯಾಳ. ಈ ಬ್ಯಾಸಗಿಗೇ ಡೆಂಟಲ್‌ಗೆ ಅರ್ಜಿ ಹಾಕ್ತೀನಿ, ಸೀಟು ಸಿಕ್ರ ಮೂರನೇ ವರ್ಷಕ್ಕ ಡಿಗ್ರಿ ಬಿಡ್ತೀನಿ ಅಂತಾಳ. ಇವರಿಗೆ ಒಂದು ವರ್ಷದ ಫೀ ಉಳೀತು ಅಂತ ಖುಷಿ. ನನಗ ರಾತ್ರಿ ನಿದ್ದಿ ಇಲ್ಲ" ಅಂದ್ಲು.

ಮೊದಲ ನನಗ ತಿಳೀಲಿಲ್ಲ ನೋಡ್ರಿ. ನಮ್ಮಲ್ಲಿ ಪಿಯುಸಿ ಸೈನ್ಸ್ ಮುಗಿಸಿ, ನೀಟ್ ಬರದು, ಸೀದಾ ಬಿಡಿಎಸ್‌ಗೆ ಹೋಗ್ತಾರ. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಡಿಗ್ರಿ ಯಾರು ಕೇಳ್ತಾರ? ಅಲ್ಲೆ ಹಂಗಲ್ಲ. ಮೊದಲ ನಾಲ್ಕು ವರ್ಷದ ಡಿಗ್ರಿ, ಡಿಎಟಿ ಅಂತ ಒಂದು ಪರೀಕ್ಷಾ, ಆಮ್ಯಾಲೆ ಮತ್ತ ನಾಲ್ಕು ವರ್ಷ ಡೆಂಟಲ್. ಆದ್ರ ಡಿಗ್ರಿ ಇರಲೇಬೇಕು ಅಂತ ಎಲ್ಲಾ ಕಾಲೇಜಿನವರೂ ಅನ್ನೂದಿಲ್ಲ. 90 ಕ್ರೆಡಿಟ್, ಅಂದ್ರ ಸುಮಾರು ಮೂರು ವರ್ಷದ ಓದು, ಆಗಿದ್ರ ಸಾಕು ಅನ್ನೋವೂ ಅವ. ಆದ್ರೂ ಸೀಟು ಸಿಗೋ ಹುಡುಗರೊಳಗ ಹೆಚ್ಚಿನವರು ಡಿಗ್ರಿ ಆದವರೇ.

ಇಲ್ಲೆ ಎರಡು ಮಾತು ಕಲಸಬಾರದು. ಡಿಗ್ರಿ ಮುಗಿಯೂಕಿಂತ ಮೊದಲ ಅರ್ಜಿ ಹಾಕೂದು ತಪ್ಪಲ್ಲ. ಅಲ್ಲೆ ವರ್ಷದ ಮುಂಚೇನೇ ಹಾಕಬೇಕಾಗ್ತದ. ಮೂರನೇ ವರ್ಷ ಮುಗಿಸಿ ಹಾಕಿದವರು ನಾಲ್ಕನೇದನ್ನೂ ಮುಗಿಸೇ ಸೇರ್ತಾರ. ಆದ್ರ ಡಿಗ್ರಿ ಅರ್ಧಕ್ಕ ಬಿಟ್ಟು ಸೇರೂದು ಬ್ಯಾರೆ ಮಾತು. ನಾಳೆ ಡೆಂಟಲ್ ಓದು ತನಗ ಒಗ್ಗಲಿಲ್ಲ ಅಂದ್ರ, ಅಷ್ಟು ವರ್ಷ ಓದಿದ ಹುಡುಗಿ ಕೈಯಾಗ ಏನಿರ್ತದ? ಸಾಲ ಮಾತ್ರ.

ನಾನೂ ಪಿಯುಸಿ ಮುಗಿಸಿ ಲಗ್ನ ಆದಾಕಿ. "ಬಿ.ಎ. ಆಮ್ಯಾಲೆ ಮಾಡಿದ್ರಾತು" ಅಂದಿದ್ರು ಎಲ್ಲಾರೂ. ಆ "ಆಮ್ಯಾಲೆ" ಇನ್ನೂ ಬಂದಿಲ್ಲ.

ಅದಕ್ಕ ತಂಗಿಗೆ ಹೇಳಿದೆ: ಅರ್ಜಿ ಹಾಕಲಿ, ಬ್ಯಾಡ ಅನಬ್ಯಾಡ. ಆದ್ರ ಡೆಂಟಲ್ ಮೊದಲನೇ ವರ್ಷದ ಓದನ್ನ ಲೆಕ್ಕಕ್ಕ ಹಿಡಿದು ಡಿಗ್ರಿ ಕೊಡ್ತೀರೇನು ಅಂತ ತನ್ನ ಕಾಲೇಜಿನಾಗ ಮೊದಲ ಕೇಳಲಿ. ಹಂಗ ಕೊಡೋ ಕಾಲೇಜು ಅಲ್ಲೆ ಅವ. ಹೂಂ ಅಂದ್ರ ಬರದು ಇಸಗೊಂಡು ಹೋಗಲಿ. ಇಲ್ಲಾ ಅಂದ್ರ ಒಂದು ವರ್ಷ ತಡೀಲಿ. ಇಪ್ಪತ್ತರ ಹುಡುಗಿಗೆ ಒಂದು ವರ್ಷ ಏನು ದೊಡ್ಡದು?

ನಿನ್ನೆ ಹುಡುಗಿನೇ ಫೋನ್ ಮಾಡಿದ್ಲು. "ಮೌಶಿ, ಈ ಮಾತು ನಾ ಕೇಳೇ ಇರಲಿಲ್ಲ. ಸೋಮವಾರ ಹೋಗಿ ಕೇಳ್ತೀನಿ" ಅಂದ್ಲು.

ನಿಮ್ಮನಿ ಮಕ್ಕಳೂ ಓದು ನಡುವ ಬಿಟ್ಟು ಬ್ಯಾರೆದಕ್ಕ ಹೊಂಟಿದ್ರ ಬೈಬ್ಯಾಡ್ರಿ. ಕೈಯಾಗಿಂದು ಬಿಡೂ ಮುಂದ ಇನ್ನೊಂದು ಗಟ್ಟಿ ಹಿಡದೀ ಏನು ಅಂತ ಅಷ್ಟ ಕೇಳ್ರಿ.